ನೆನೆಯದ ಸೋಮವಾರ

ಈಸ್ಟರ್ ಸೋಮವಾರ ಬೆಳಗಾಯಿತೆಂದರೆ, ಗೆನ್ಯಾ ಕಣ್ಣು ಬಿಡುವ ಮೊದಲೇ ಅವಳ ಮುಖಕ್ಕೆ ತಣ್ಣೀರು ಬೀಳಬೇಕು. ನಲವತ್ತೊಂಬತ್ತು ವರ್ಷ ಗಂಡ ಝೆನೊನ್ ಒಂದು ಸಲವೂ ತಪ್ಪಿಸಿದವನಲ್ಲ. ಹಾಸಿಗೆಯೆಲ್ಲ ಒದ್ದೆಯಾಯಿತೆಂದು ಅವಳು ಬೈಯುವುದೂ ತಪ್ಪಿದ್ದಲ್ಲ. ಆ ಬೈಗುಳ ಬರೀ ಬಾಯಿಮಾತಿನದು, ಬಿಡಿ. ಆ ದಿನ ಗಂಡಸರು ತಾವು ಮೆಚ್ಚಿದ ಹೆಣ್ಣಿಗೆ ನೀರೆರಚುವುದು ಅವರೂರಿನ ಪದ್ಧತಿ; ನೆನೆಯದ ಹೆಣ್ಣು ಯಾರಿಗೂ ಬೇಡದವಳು ಎಂಬುದು ಅಲ್ಲಿನ ಹಸುಗೂಸಿಗೂ ಗೊತ್ತು.

ಈಗ ಝೆನೊನನಿಗೆ ಮರೆವಿನ ಕಾಯಿಲೆ. ಕ್ರಿಸ್ಮಸ್ ಕಳೆದಾಗಿನಿಂದ ಹೆಂಡತಿಯನ್ನೇ "ಅಮ್ಮಾವ್ರೇ" ಎಂದು ಕರೆಯುತ್ತಾನೆ, ಸೂಪು ಬಡಿಸಿದರೆ ತಲೆಬಾಗಿ ವಂದಿಸುತ್ತಾನೆ. ಕಟ್ಟಿಕೊಂಡ ಗಂಡನಿಂದ ಆ ಮರ್ಯಾದೆ ಪಡೆಯುವುದಕ್ಕಿಂತ ಬೈಸಿಕೊಳ್ಳುವುದೇ ಮೇಲು ಎನಿಸಿಬಿಟ್ಟಿತ್ತು ಅವಳಿಗೆ.

ಆದರೂ ಆಸೆ ಯಾರನ್ನು ಬಿಟ್ಟಿದೆ? ತಲೆ ಮರೆತದ್ದನ್ನು ಕೈಯಾದರೂ ನೆನಪಿಟ್ಟುಕೊಂಡೀತು ಎಂದು ಭಾನುವಾರ ಸಂಜೆಯೇ ಹಳೆಯ ನೀಲಿ ಹೂಜಿಗೆ ನೀರು ತುಂಬಿಸಿ ಅವನ ಮಂಚದ ಪಕ್ಕ ಇಟ್ಟಳು. ಒಂದೇ ಒಂದು ಸಲ ಅವನು ತನ್ನ ಗುರುತು ಹಿಡಿದರೆ ಸಾಕಿತ್ತು.

ಬೆಳಿಗ್ಗೆ ಅವನು ಎದ್ದ ಸದ್ದಾಯಿತು. ಗೆನ್ಯಾ ಹೊಸ ಮದುವಣಗಿತ್ತಿಯ ಹಾಗೆ ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡಿದಳು. ಹೂಜಿ ಎತ್ತಿದ್ದು ಕೇಳಿಸಿತು. ಅವಳು ಉಸಿರು ಬಿಗಿಹಿಡಿದಳು. ಹೆಜ್ಜೆಗಳು ಅವಳ ಮಂಚವನ್ನು ದಾಟಿ ಹೊರಗೆ ಹೋದವು.

ಅಡುಗೆಮನೆಯಿಂದ ಕಿರುಚಾಟ ಕೇಳಿ ಓಡಿದಳು. ಹಬ್ಬದ ರಜೆಗೆ ಬಂದಿದ್ದ ಮೊಮ್ಮಗಳು ಕಿಂಗಾ ತಲೆಯಿಂದ ನೀರಿಳಿಸಿಕೊಂಡು ಒಲೆಯ ಮುಂದೆ ನಿಂತಿದ್ದಳು. ಖಾಲಿ ಹೂಜಿ ಹಿಡಿದ ಝೆನೊನ್ ಬಾಯ್ತುಂಬ ನಗುತ್ತಿದ್ದ.

"ಅಯ್ಯೋ ತಾತಾ!"

"ತಾತ ಅಂತೆ ತಾತ! ಸಿಕ್ಕಿಬಿದ್ದೆ ನೋಡು ಗೆನ್ಯಾ! ಈಗಾದ್ರೂ ಹೇಳೇ, ಮೇ ತಿಂಗಳ ರಜಕ್ಕೆ ನನ್ ಜೊತೆ ಕೆರೆ ಹತ್ರ ಬರ್ತೀಯೋ ಇಲ್ವೋ?"

ಬಾಗಿಲಲ್ಲಿ ನಿಂತವಳನ್ನು ಆಗ ಕಂಡ. "ಅಮ್ಮಾವ್ರೇ, ಸ್ವಲ್ಪ ಆ ಕಡೆ ಸರ್ಕೊಳ್ಳಿ. ನೀವು ನೆನೆದುಬಿಟ್ಟೀರಿ."

ಗೆನ್ಯಾ ಯಾರ ಮೇಲೆ ಸಿಟ್ಟಾಗುವುದು? ಕಿಂಗಾಳ ಮೂಗು, ಹಣೆ, ಜೇನುಬಣ್ಣದ ಕೂದಲು, ಎಲ್ಲವೂ ಇಪ್ಪತ್ತರ ಗೆನ್ಯಾಳದೇ.

"ಅಜ್ಜೀ, ಏನ್ ಹೇಳ್ಲಿ?" ಹುಡುಗಿ ಅಳುವುದೊಂದು ಬಾಕಿ.

ಗೆನ್ಯಾ ಹತ್ತಿರ ಹೋಗಿ ಪಿಸುಗುಟ್ಟಿದಳು. "'ಬಟ್ಟೆ ಒಣಗ್ಲಿ, ಆಮೇಲೆ ಹೇಳ್ತೀನಿ' ಅನ್ನು ಪುಟ್ಟಾ. ಅವತ್ತು ನಾನು ಅಂದಿದ್ದು ಅದೇ."

ಕಿಂಗಾ ಹಾಗೆಯೇ ಹೇಳಿದಳು. ಝೆನೊನನ ಮುಖ ಅರಳಿತು.

"ಕಾಯ್ತೀನಿ ಕಣೇ. ಎಷ್ಟೊತ್ತಾದ್ರೂ ಕಾಯ್ತೀನಿ," ಎನ್ನುತ್ತ ಕುರ್ಚಿ ಎಳೆದುಕೊಂಡು ಕೂತ.

ಗೆನ್ಯಾ ಟವೆಲ್ ತಂದು ಮೊಮ್ಮಗಳ ತಲೆ ಒರೆಸಿದಳು. ಗೆನ್ಯಾಳ ಮೈಮೇಲೆ ಮಾತ್ರ ಒಂದು ಹನಿಯೂ ಬಿದ್ದಿರಲಿಲ್ಲ.