ಕೂದಲೆಳೆಯಷ್ಟು ಹಿಂದೆ

ನನ್ನ ಅತ್ತಿಗೆಯ ತಮ್ಮನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮುಚ್ಚಿಟ್ಟು ಕಥೆ ಹೇಳುವ ದರ್ದು ನನಗಿಲ್ಲ. ಅವನೂ ಬೇಸ್ ಗಿಟಾರ್ ನುಡಿಸುತ್ತಾನೆ, ನಾನೂ ನುಡಿಸುತ್ತೇನೆ. ಒಂದೇ ನೆಂಟಸ್ತಿಕೆಯೊಳಗೆ ಇಬ್ಬರು ಬೇಸ್ ನುಡಿಸುವವರು ಇರಲೇಬಾರದು. ಮಾಮೂಲಿ ಗಿಟಾರಿನವರು ಇಬ್ಬರಿದ್ದರೆ ಒಬ್ಬ ಮುಂದೆ ಒಬ್ಬ ಹಿಂದೆ ನಿಂತು ಹೇಗೋ ಸಂಸಾರ ಸಾಗಿಸುತ್ತಾರೆ. ಬೇಸಿನವರು ಇಬ್ಬರಾದರೆ ತಗ್ಗುಸ್ಥಾಯಿಯ ಸದ್ದೆಲ್ಲ ಕಲಸಿ ರಾಡಿಯಾಗುತ್ತದೆ.

ಹೊಟ್ಟೆಪಾಡಿಗೆ ಅವನು ಲಿಫ್ಟ್ ರಿಪೇರಿ ಮಾಡುತ್ತಾನೆ, ನಾನು ಹಳೆ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುತ್ತೇನೆ. ಅವನಿಗೆ ನಾನಿಟ್ಟ ಹೆಸರು ಗೆರೆರಾಯ. ಮನೆಯಲ್ಲಿ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಇರುತ್ತದಲ್ಲ, ಅದರ ಪರದೆಯ ಮೇಲೆ ತಾಳದ ಲೆಕ್ಕಕ್ಕೆ ಉದ್ದುದ್ದ ಗೆರೆಗಳಿರುತ್ತವೆ. ಯಾರು ಏನು ನುಡಿಸಿದರೂ ಇವನು ಅದನ್ನು ಮೌಸಿನಲ್ಲಿ ಹಿಡಿದು ಎಳೆದು, ಸ್ಕೂಲು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ ಹಾಗೆ, ಗೆರೆಯ ಮೇಲೆ ಕೂರಿಸುತ್ತಾನೆ. ನನ್ನನ್ನು ಅವನು ಕರೆಯುವುದು ಉಸ್ತಾದರೇ ಎಂದು. ಅದು ಮರ್ಯಾದೆಗೆ ಅಲ್ಲ ಎನ್ನುವುದು ನನಗೂ ಗೊತ್ತು, ಅವನಿಗೂ ಗೊತ್ತು.

ನಮ್ಮಿಬ್ಬರ ನಡುವೆ ಇದ್ದದ್ದು ಅಣ್ಣ. ಬಸ್ ಡಿಪೋದಲ್ಲಿ ಟಯರ್ ಬದಲಿಸುವ ಕೆಲಸ, ಭಾನುವಾರ ಡ್ರಮ್ಸ್. ಅಣ್ಣನ ಮನೆಯ ಹಿಂದಿನ ಕೋಣೆಯೇ ನಮ್ಮ ಸ್ಟುಡಿಯೋ. ಗೋಡೆಗೆಲ್ಲ ನಾನು ಅಂಗಡಿಯಿಂದ ತಂದು ಬಡಿದ ಸೋಫಾ ಸ್ಪಂಜು, ಕಿಟಕಿಗೆ ಅಡ್ಡ ನಿಲ್ಲಿಸಿದ ಹಾಸಿಗೆ, ಬಾಗಿಲ ಹಿಂದೆ ತೂಗುಬಿಟ್ಟ ಕಂಬಳಿ. ಮೈಕು, ವೈರು, ಕಂಪ್ಯೂಟರ್ ಗೆರೆರಾಯನವು. ನಾನು ಹೇಳುತ್ತಿದ್ದೆ, ಬೇಸನ್ನು ಆಂಪ್‌ಗೆ ಹಾಕಿ ಆ ಸ್ಪೀಕರ್ ಪೆಟ್ಟಿಗೆಯ ಮುಂದೆ ಮೈಕ್ ಇಡು, ಸದ್ದಿಗೆ ಒಂದಿಷ್ಟು ಗಾಳಿ ಬೇಕು ಎಂದು. ಅವನು, ವೈರನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚಿದರೆ ಸಾಕು, ಗಾಳಿಯೂ ಸಾಫ್ಟ್‌ವೇರಿನಲ್ಲೇ ಬರುತ್ತದೆ ಎನ್ನುತ್ತಿದ್ದ. ಹಾಗಾದರೆ ನಿನ್ನ ಉಸಿರನ್ನೂ ಅದರಲ್ಲೇ ಆಡು ಎಂದು ನಾನು. ಅಲ್ಲಿಗೆ ಆ ಭಾನುವಾರದ ಸಂಗೀತ ಮುಗಿಯುತ್ತಿತ್ತು.

ಇನ್ನೊಂದು ಜಗಳ ಆನೆ ರೆಕಾರ್ಡಿನದು. ಜಾಝ್ ಫ್ಯೂಷನ್ನಿನ ಹಳೆಯದೊಂದು ರೆಕಾರ್ಡು. ಹೊದಿಕೆಯ ಮೇಲೆ ಬೆನ್ನು ತಿರುಗಿಸಿ ನಿಂತ ಆನೆಯ ಚಿತ್ರ ಇದ್ದುದರಿಂದ ನಮ್ಮ ಬಾಯಲ್ಲಿ ಅದು ಆನೆ ರೆಕಾರ್ಡ್. ಅದರ ಡ್ರಮ್ಮರ್ ಬಲಗೈಯಲ್ಲಿ ಸಿಂಬಲ್ ಎನ್ನುವ ಹಿತ್ತಾಳೆ ತಟ್ಟೆ ಬಾರಿಸುವುದು ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ. ಬಸ್ಸು ಹೊರಡುತ್ತಿದ್ದರೂ ಓಡದೆ, ನಡೆದೇ ಬಂದು ಹತ್ತುವವನ ಠೀವಿ ಅದರಲ್ಲಿತ್ತು. ನನಗೆ ಸಂಗೀತ ಅಂದರೆ ಅಷ್ಟೇ, ಆ ಕೂದಲೆಳೆ. ಗೆರೆರಾಯನಿಗೆ ಅದು ಬರೀ ತಪ್ಪು. ಆ ಕಾಲದಲ್ಲಿ ಸರಿಪಡಿಸುವ ಯಂತ್ರ ಇರಲಿಲ್ಲ, ಅದಕ್ಕೇ ಹಾಗೇ ಬಿಟ್ಟಿದ್ದಾರೆ ಎಂದುಬಿಟ್ಟ ಒಮ್ಮೆ. ಅವತ್ತು ನಾನು ಅವನ ಮೇಲೆ ಕೈ ಮಾಡದೆ ಇದ್ದದ್ದು ಅತ್ತಿಗೆಯ ಮುಖ ನೋಡಿ.

ಅಣ್ಣನದು ಮಾತ್ರ ಗಡಿಯಾರದ ಕೈ. ಒಂದು ಪೆಟ್ಟು ಹಿಂದಿಲ್ಲ, ಮುಂದಿಲ್ಲ. ವರ್ಷಗಟ್ಟಲೆ ನಾನು ಅವನ ಬೆನ್ನು ಬಿದ್ದಿದ್ದೆ, ಸ್ವಲ್ಪ ಎಳೆದು ಬಾರಿಸು, ಆನೆ ರೆಕಾರ್ಡಿನ ಹಾಗೆ ಸಾವಕಾಶವಾಗಿ ಬಾರಿಸು ಎಂದು. ತಡ ಮಾಡಿ ತನಗೆ ಅಭ್ಯಾಸವಿಲ್ಲ ಎಂದು ಅವನು ನಗುತ್ತಿದ್ದ. ಆಮೇಲೆ ನಾವು ನಮ್ಮದೇ ಆರು ಹಾಡುಗಳ ರೆಕಾರ್ಡ್ ಮಾಡಲು ಹೊರಟೆವು. ಮೊದಲು ಡ್ರಮ್ಸ್, ಅದು ಮುಗಿದ ಮೇಲೆ ಅದಕ್ಕೆ ಹೊಂದಿಸಿ ಬೇಸ್. ಅಣ್ಣ ಬಾರಿಸುವಾಗ ದಾರಿ ತೋರಿಸಲೆಂದು ನಾನು ಪಕ್ಕದಲ್ಲಿ ಕೂತು ಸುಮ್ಮನೆ ನುಡಿಸುತ್ತಿದ್ದೆ. ಮೂರನೆಯ ಹಾಡಿನ ಹೊತ್ತಿಗೆ ಅದು ಬಂತು. ಬಲಗೈಯ ಸಿಂಬಲ್ ಕೂದಲೆಳೆಯಷ್ಟು ಹಿಂದೆ ಬಿತ್ತು. ನನ್ನ ಮೈಯೆಲ್ಲ ಜುಮ್ಮೆಂದಿತು. ಆರನೆಯ ಹಾಡಿನಲ್ಲಂತೂ ಆನೆ ರೆಕಾರ್ಡಿನವನನ್ನೇ ಮೀರಿಸಿಬಿಟ್ಟಿದ್ದ. ನಾನು ಅಣ್ಣನನ್ನು ತಬ್ಬಿಕೊಂಡು, ಬಂತು, ಕೊನೆಗೂ ಬಂತು ಎಂದು ಕುಣಿದಾಡಿದೆ. ನಾನು ಹಾಗೆ ಹೊಗಳಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ಅವನ ಮುಖ ಕೆಂಪಗಾಗಿತ್ತು.

ಡ್ರಮ್ಸ್ ಮುಗಿದ ಸ್ವಲ್ಪ ದಿನಕ್ಕೆ, ಡಿಪೋದಲ್ಲಿ ಬಗ್ಗಿದ್ದವನು ಹಾಗೇ ಟಯರಿನ ಮೇಲೆ ಕುಸಿದ. ಲಕ್ವ ಹೊಡೆದಿತ್ತು. ಕಾಲು ಅಷ್ಟಿಷ್ಟು ಸರಿಹೋಯಿತು, ಮಾತು ಅರ್ಧ ಬಂತು, ಬಲಗೈ ಬರಲಿಲ್ಲ. ಬರುವುದಿಲ್ಲ ಎಂದು ಡಾಕ್ಟರು ಅಣ್ಣನೆದುರೇ ಹೇಳಿದರು. ಅಂದರೆ ಅವನು ಇನ್ನು ಡ್ರಮ್ಸ್ ಮುಂದೆ ಕೂರುವ ಹಾಗಿಲ್ಲ. ಆ ಆರು ಹಾಡುಗಳೇ ಅವನ ಕೈಯಿಂದ ಉಳಿದದ್ದು. ಅವುಗಳ ಪಕ್ಕ ನನ್ನ ಬೇಸ್ ಕೂತರೆ, ನಾವು ಅಣ್ಣತಮ್ಮಂದಿರು ಇಷ್ಟು ವರ್ಷ ಕೂಡಿ ಬಾರಿಸಿದ್ದಕ್ಕೆ ಏನಾದರೊಂದು ಉಳಿಯುತ್ತದೆ. ಇಲ್ಲದಿದ್ದರೆ ಎಲ್ಲಾ ಗಾಳಿಗೆ. ಆ ಯೋಚನೆಯಲ್ಲಿ ನನಗೆ ಅಂಗಡಿಯಲ್ಲಿ ಹೊಲಿಗೆ ನೆಟ್ಟಗೆ ಬೀಳುತ್ತಿರಲಿಲ್ಲ.

ಅಷ್ಟರಲ್ಲಿ ಅತ್ತಿಗೆಯ ಫೋನ್ ಬಂತು. ಅಣ್ಣ ರೆಕಾರ್ಡ್ ಮುಗಿಸಿ ಎನ್ನುತ್ತಿದ್ದಾನಂತೆ. ಇಬ್ಬರೂ ಬಂದು ಮುಗಿಸಿಕೊಡಿ, ಆಮೇಲೆ ಬೀದಿಯಲ್ಲಿ ನಿಂತು ಎಷ್ಟು ಬೇಕಾದರೂ ಕಚ್ಚಾಡಿ ಎಂದರು.

ಭಾನುವಾರ ಮಧ್ಯಾಹ್ನ ನಾನು ಹೋಗುವಷ್ಟರಲ್ಲಿ ಗೆರೆರಾಯ ಕಂಪ್ಯೂಟರ್ ಮುಂದೆ ಸ್ಥಾಪನೆಯಾಗಿದ್ದ. ನಾನು ಚಪ್ಪಲಿ ಬಿಡುವ ಮೊದಲೇ, ತಂತಿ ಹೊಸದು ಹಾಕಿದೀರಾ ಉಸ್ತಾದರೇ, ಇಲ್ಲ ಅದೇ ತುಕ್ಕೇನಾ ಎಂದು ಕೇಳಿದ. ಹಳೇ ತಂತಿಯ ಸದ್ದೇ ಸದ್ದು, ನಿನ್ನ ಹಾಗೆ ಕಿರುಗುಟ್ಟುವುದಿಲ್ಲ ಎಂದೆ. ಆಂಪ್ ಹೊತ್ತು ತಂದಿದ್ದೆ. ಅದನ್ನು ಅವನು ಕೋಣೆಯೊಳಗೆ ಬಿಡಲೇ ಇಲ್ಲ, ಬಾಗಿಲಾಚೆ ಇಡಿಸಿ ವೈರನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚಿದ. ಅತ್ತಿಗೆ ಅಡುಗೆಮನೆಯಿಂದಲೇ ಇಬ್ಬರಿಗೂ ಸೇರಿಸಿ ಬೈದರು. ಅಣ್ಣನಿಗಾಗಿ ಹಲ್ಲು ಕಚ್ಚಿ ಹೆಡ್‌ಫೋನ್ ಹಾಕಿಕೊಂಡೆ.

ಆರನೆಯ ಹಾಡಿನಿಂದಲೇ ಶುರು ಮಾಡು ಎಂದೆ. ಹಾಡು ಶುರುವಾಯಿತು. ನಾಲ್ಕು ಸಾಲು ನುಡಿಸುವುದರೊಳಗೆ ನನ್ನ ಬೆರಳು ತಡವರಿಸಿತು. ಎಲ್ಲೋ ಏನೋ ಸರಿಯಿಲ್ಲ. ಮತ್ತೆ ಹಾಕಿಸಿದೆ. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ ನನ್ನ ಬೆರಳು ಪ್ರತಿ ಸಲವೂ ಮುಗ್ಗರಿಸುತ್ತಿತ್ತು. ನಾನು ನುಡಿಸುವುದನ್ನು ನಿಲ್ಲಿಸಿ ಸುಮ್ಮನೆ ಕೇಳಿದೆ. ಸಿಂಬಲ್ ಹಿಂದೆ ಬೀಳುತ್ತಿರಲಿಲ್ಲ. ಎಲ್ಲಾ ಪೆಟ್ಟೂ ಗೆರೆಯ ಮೇಲಿತ್ತು.

ನನ್ನ ಪಿತ್ತ ನೆತ್ತಿಗೇರಿತು. ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಒಗೆದು, ಅಣ್ಣನ ಬಾರಿಸುವಿಕೆಯನ್ನು ಏನು ಮಾಡಿದ್ದೀಯ ಎಂದು ಕೇಳಿದೆ. ಅವನು ಮೊದಲು ಪರದೆ ನೋಡಿದ, ಆಮೇಲೆ ಗೋಡೆ ನೋಡಿದ, ಆಮೇಲೆ ನೆಟ್ಟಗೆ ಮಾಡಿದೀನಿ ಎಂದ. ಅಷ್ಟೇ ಸಲೀಸಾಗಿ. ಲಿಫ್ಟಿನ ಬಾಗಿಲು ಸರಿ ಮಾಡಿದೀನಿ ಅನ್ನುವವನ ಹಾಗೆ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಆ ಕೈ ಇನ್ನೊಂದು ಸಲ ಬಾರಿಸುವುದಿಲ್ಲ, ಇದ್ದದ್ದು ಅದೊಂದೇ, ಅದನ್ನೂ ತಿಂದು ತೇಗಿದೆಯಲ್ಲೋ ಪಾಪಿ ಎಂದೆ. ನಿನಗೆ ಕಿವಿ ಇಲ್ಲ, ಇರುವುದು ಎರಡು ಕಣ್ಣು, ಅವೂ ಪರದೆಗೆ ಅಂಟಿಕೊಂಡಿವೆ ಎಂದೆ. ಅವನ ಕೊರಳಪಟ್ಟಿ ನನ್ನ ಕೈಯಲ್ಲಿತ್ತು ಅನ್ನುವುದು ಅತ್ತಿಗೆ ಬಂದು ಬಿಡಿಸಿದಾಗಲೇ ನನಗೆ ತಿಳಿದದ್ದು.

ಮೊದಲಿನದನ್ನು ಅಳಿಸಿಲ್ಲ, ಇದೆ ಎಂದು ಅವನು ಅಂಗಿ ಸರಿಮಾಡಿಕೊಳ್ಳುತ್ತಾ ಹೇಳಿದ. ಹಾಕು ಎಂದೆ. ಬೇಡ ಎಂದ. ಹಾಕ್ತೀಯೋ ಇಲ್ವೋ ಎಂದೆ. ಅತ್ತಿಗೆಯೂ, ಹಾಕಬಾರದೇನೋ, ಒಳ್ಳೇ ಹಟ ನಿಂದು ಎಂದು ತಮ್ಮನನ್ನೇ ಗದರಿದರು. ಅಷ್ಟರಲ್ಲಿ ಗಲಾಟೆ ಕೇಳಿ ಅಣ್ಣ ಕೋಲೂರಿಕೊಂಡು ಬಂದು, ಡ್ರಮ್ಸ್ ಹಿಂದಿನ ಸ್ಟೂಲಿಗೆ ಹೋಗದೆ, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ. ಗೆರೆರಾಯ ಅವನ ಮುಖ ನೋಡಿದ. ಅಣ್ಣ ತಲೆಯಾಡಿಸಿದ. ಸ್ಪೀಕರಿನಲ್ಲಿ ಮೊದಲಿನದು ಬಂತು.

ಅದನ್ನು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಅದೇ ಸಿಂಬಲ್, ಅದೇ ಎಳೆತ. ಕೇಳಿಸ್ಕೋ ಎಂದು ನಾನು ಅವನ ಕಿವಿಯ ಹತ್ತಿರ ಹೋಗಿ ಪ್ರತಿ ಪೆಟ್ಟಿಗೂ ಬೆರಳೆತ್ತಿ ತೋರಿಸಿದೆ. ಇದು, ಇದು, ಇದು. ಇದನ್ನು ಯಾವ ಯಂತ್ರ ಕೊಡುತ್ತೆ ಹೇಳು. ಇಪ್ಪತ್ತು ವರ್ಷ ಬಾರಿಸಿದವನ ಕೈಗೆ ಒಂದು ದಿನ ತಾನಾಗಿ ಬರುವುದು ಇದು. ಆನೆ ರೆಕಾರ್ಡಿನವನು ಬಂದು ನಮ್ಮಣ್ಣನ ಮುಂದೆ ಕೈಕಟ್ಟಿ ನಿಲ್ಲಬೇಕು ಎಂದೆ. ಗೆರೆರಾಯ, ತಾನು ಅವತ್ತೇ ತಡ ಆಗುತ್ತಿದೆ ಎಂದು ಹೇಳಿದ್ದೆ ಎಂದು ಗೊಣಗಿದ. ಅವತ್ತೂ ಕತ್ತೆಯ ಹಾಗೆ ಮಾತಾಡಿದ್ದೆ, ಇವತ್ತೂ ಹಾಗೇ ಮಾತಾಡುತ್ತಿದ್ದೀಯ ಎಂದು ಅಣ್ಣನ ಕಡೆ ತಿರುಗಿದೆ. ಅವನು ನನ್ನ ಪರ ಎರಡು ಮಾತು ಹೇಳಲಿ ಎಂದು ಕಾದೆ.

"ನಿಲ್ಸು," ಎಂದ ಅಣ್ಣ.

ಗೆರೆರಾಯ ನಿಲ್ಲಿಸಿದ.

"ಕೈ... ಜೋಮು ಹಿಡಿದಿತ್ತು," ಎಂದ ಅಣ್ಣ. ಅವನ ಮಾತು ಈಗ ತಡೆತಡೆದು ಬರುತ್ತದೆ, ಕಾಯಬೇಕು. "ಬಾರಿಸ್ತಿದ್ದಾಗ. ಕೋಲು ಕೈಲಿದೆಯೋ ಇಲ್ವೋ... ಗೊತ್ತಾಗ್ತಿರ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಯಾವಾಗ ಎಂದು ಕೇಳಿದೆ. ಮೂರನೆಯ ಹಾಡಿನಿಂದ ಎಂದ. ಹಾಡಿನಿಂದ ಹಾಡಿಗೆ ಜಾಸ್ತಿಯಾಯಿತು ಎಂದ. ಅತ್ತಿಗೆ ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟರು.

"ಇವನು ಪರದೇಲಿ ನೋಡಿ... ತಡ ಆಗ್ತಿದೆ ಭಾವ, ಡಾಕ್ಟರಿಗೆ ತೋರ್ಸು ಅಂದ," ಎಂದ ಅಣ್ಣ. "ನೀನು ಬಂತು ಅಂದೆ. ಕುಣಿದೆ." ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. "ನಾನು ನಿನ್ನ ಮಾತೇ ನಂಬ್ಕೊಂಡೆ."

ಅತ್ತಿಗೆ ಗಂಡನ ಮುಂದೆ ಬಂದು ನಿಂತರು. ಅವರ ದನಿ ಏರಿರಲಿಲ್ಲ. "ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನಿಲ್ಸಿಬಿಡ್ತಿದ್ದೆ. ಚೆನ್ನಾಗಿ ಬರ್ತಿತ್ತಲ್ಲ... ಇವನು ಹೇಳ್ತಿದ್ನಲ್ಲ."

ನನಗೆ ಯಾರನ್ನಾದರೂ ಬೈಯಬೇಕಿತ್ತು. ಇದ್ದದ್ದು ಗೆರೆರಾಯ. ಅಷ್ಟೆಲ್ಲ ಕಂಡಿದ್ದವನು ಅಕ್ಕನಿಗೆ ಒಂದು ಮಾತು ಹೇಳಲು ನಿನಗೇನು ರೋಗ ಬಂದಿತ್ತು ಎಂದು ಅವನ ಮೇಲೆ ಹರಿಹಾಯ್ದೆ. ಅವನು ಹಲ್ಲು ಕಿರಿಯಲಿಲ್ಲ, ಉಸ್ತಾದರೇ ಎನ್ನಲೂ ಇಲ್ಲ. "ಕಂಪ್ಯೂಟರ್ ಎತ್ಕೊಂಡು ಆಚೆ ಹೋಗು, ನಮ್ಮಣ್ಣನ ಕೈಯಲ್ಲಿ ಕೊಂಕು ತೆಗೀಬೇಡ ಅಂತ ಅವತ್ತು ನನ್ನ ಓಡಿಸಿದ್ದು ಯಾರು?" ಎಂದ. "ಕೈ ಜೋಮು ಹಿಡಿದಿದೆ ಅಂತ ನಂಗೂ ಗೊತ್ತಿರ್ಲಿಲ್ಲ. ತಡ ಅಂತ ಮಾತ್ರ ಕಂಡಿತ್ತು. ನೀವಿಬ್ರೂ ಅಷ್ಟು ಖುಷಿಯಾಗಿದ್ರಿ, ನಂದೇ ತಪ್ಪೇನೋ ಅನ್ಕೊಂಡೆ." ಆಮೇಲೆ ಕುರ್ಚಿ ತಿರುಗಿಸಿಕೊಂಡು ಪರದೆಗೆ ಮುಖ ಹಾಕಿ ಕೂತ. ಅವನ ಕಿವಿ ಕೆಂಪಾಗಿತ್ತು. ಆ ಕ್ಷಣದಲ್ಲಿ ಅವನನ್ನು ಕಂಡರೆ ನನಗೆ ಹಿಂದೆಂದೂ ಇಲ್ಲದಷ್ಟು ದ್ವೇಷ ಬಂತು. ಅವನು ಸುಳ್ಳು ಹೇಳುತ್ತಿರಲಿಲ್ಲ.

ಎರಡು ಅಡಿ ದೂರದಲ್ಲಿ ಕೂತು, ಅಣ್ಣನ ಬಲಗೈಯನ್ನೇ ಕೇಳಿಸಿಕೊಳ್ಳುತ್ತಾ, ಹಾಡಿನಿಂದ ಹಾಡಿಗೆ ಆ ಕೈ ಸಾಯುವುದಕ್ಕೆ ನಾನು ಭೇಷ್ ಅಂದಿದ್ದೆ. ಮನೆಯವರಲ್ಲಿ ನನ್ನಷ್ಟು ಹತ್ತಿರದಿಂದ ಅದನ್ನು ಕೇಳಿದವರು ಬೇರೆ ಯಾರೂ ಇರಲಿಲ್ಲ. ನನ್ನ ಕಿವಿಯ ಬಗ್ಗೆ ನಾನು ಕೊಚ್ಚಿಕೊಂಡದ್ದೇನು, ಗೆರೆರಾಯನ ಕಣ್ಣಿನ ಬಗ್ಗೆ ಆಡಿಕೊಂಡದ್ದೇನು.

ನಾನು ಬೇಸನ್ನು ಹೆಗಲಿಂದ ಇಳಿಸಿ ಗೆರೆರಾಯನ ಮುಂದೆ ಹಿಡಿದೆ. ನೀನೇ ನುಡಿಸು ಎಂದೆ. ಅವನು ತಿರುಗಿಯೂ ನೋಡದೆ, ಭಾವ ಕೇಳಿದ್ದು ನಿನ್ನನ್ನ ಎಂದ.

"ನೆಟ್ಟಗಿರೋದನ್ನ ಹಾಕು," ಎಂದು ಅಣ್ಣ ಅವನಿಗೆ ಹೇಳಿದ. ನನಗೆ, "ಅದೇ ಕಣೋ ನಾನು. ಮೊದಲೆಲ್ಲ ಹಾಗೇ ಬಾರಿಸ್ತಿದ್ದೆ. ನಿಂಗೇ ಸಾಕಾಗ್ತಿರ್ಲಿಲ್ಲ," ಎಂದ. ಅದರಲ್ಲಿ ಕೋಪ ಇದ್ದಿದ್ದರೆ ನಾನೂ ತಿರುಗಿ ಒಂದು ಮಾತು ಅನ್ನಬಹುದಿತ್ತು. ಇರಲಿಲ್ಲ.

ಹೆಡ್‌ಫೋನ್ ಹಾಕಿಕೊಂಡೆ. ಅಣ್ಣನ ಡ್ರಮ್ಸ್ ನೆಟ್ಟಗೆ, ಗಡಿಯಾರದ ಹಾಗೆ ಬಂತು. ನಾನು ನುಡಿಸಿದೆ. ತಡ ಎಂದ ಗೆರೆರಾಯ. ಮತ್ತೆ ಹಾಕಿಸಿದೆ, ಮತ್ತೆ ತಡ ಎಂದ. ಅವನು ಹೇಳುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಎಷ್ಟು ಹಟ ಹಿಡಿದರೂ ನನ್ನ ಬೆರಳು ಆ ಕೂದಲೆಳೆಯಷ್ಟು ಹಿಂದೆಯೇ ಬೀಳುತ್ತಿತ್ತು. ಅಷ್ಟೂ ದಿನ ಮನೆಯಲ್ಲಿ ಒಬ್ಬನೇ ಕೂತು, ಅವತ್ತು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ ಆ ಕಾಯಿಲೆಯ ತಾಳಕ್ಕೇ ನಾನು ಸಾಧನೆ ಮಾಡಿದ್ದೆ, ಕೈ ಅದಕ್ಕೇ ಪಳಗಿಹೋಗಿತ್ತು. ಅತ್ತಿಗೆ ಒಳಗೆ ಹೋಗದೆ ಬಾಗಿಲಲ್ಲೇ ನಿಂತು ನನ್ನ ಬೆರಳುಗಳನ್ನು ನೋಡುತ್ತಿದ್ದರು.

"ತಡ," ಎಂದ ಗೆರೆರಾಯ.

ಇನ್ನೊಂದು ಸಲ ಮೊದಲಿಂದ ಹಾಕು ಎಂದೆ.