ಉದಾಹರಣೆಯ ಮನುಷ್ಯ

ಮಾರ್ಚ್ ತಿಂಗಳಲ್ಲಿ ಇಂಥ ಮಂಜು, ವಿನೋಬನಗರದ ಬೀದಿಗೆ ತುದಿಯೇ ಇಲ್ಲ, ಎದುರುಮನೆಯ ತೆಂಗಿನಮರಕ್ಕೆ ಬುಡವಿದೆ ತಲೆಯಿಲ್ಲ, ಇದು ಮಾರ್ಚೇ ಹೌದೋ ಅಥವಾ ತನಗೇ ತಿಂಗಳು ತಪ್ಪಿತೋ ಅಂದುಕೊಳ್ಳುತ್ತ ಜಯವಂತ ಅಯ್ಯನವರು ಹೊಸ್ತಿಲಲ್ಲಿ ಚಪ್ಪಲಿಗೆ ಕಾಲು ತೂರಿಸಿದರು, ಎಪ್ಪತ್ತೊಂದಕ್ಕೆ ಬಿದ್ದವನಿಗೆ ತಿಂಗಳು ತಪ್ಪುವುದೇನು ಮಹಾ, ಮನುಷ್ಯರೇ ತಪ್ಪಿಹೋಗುತ್ತಾರೆ — ಭೈರಪ್ಪ, ಭೈರಪ್ಪ, ಯಾವ ಭೈರಪ್ಪ? ಆರು ಗಂಟೆಗೆ ಭದ್ರಾವತಿಯಿಂದ ಫೋನು, ಕೆಂಚಪ್ಪನದು, ಥಿಯಾಲಜಿ ಕಾಲೇಜಿನಲ್ಲಿ ತನ್ನ ಕೈಕೆಳಗೆ ಓದಿದವನು, ಈಗ ಅಲ್ಲಿಯ ಸಭಾಪಾಲಕ, ಸ್ತೋತ್ರ ಸರ್, ಭೈರಪ್ಪ ಅಂತ, ಕಾರ್ಖಾನೇಲಿ ಫಿಟ್ಟರ್ ಆಗಿದ್ದೋರು, ಬೆಳಗಿನ ಜಾವ ತೀರ್ಕೊಂಡ್ರು, ಚರ್ಚಿನ ಸ್ಮಶಾನದಲ್ಲೇ ಹೂಳ್ಬೇಕು ಅಂತ ಹೇಳಿಟ್ಟಿದ್ದಾರೆ, ಆದ್ರೆ ದೀಕ್ಷಾಸ್ನಾನದ ರಿಜಿಸ್ಟರಲ್ಲಿ ಹೆಸರೇ ಇಲ್ಲ, ಕಮಿಟಿಯೋರು ಸುತರಾಂ ಆಗಲ್ಲ ಅಂತಾರೆ, ಹೆಂಡತಿ ಸಾವಿತ್ರಮ್ಮ ಮಾತ್ರ ನಿಮ್ಮ ಹೆಸರು ಹಿಡ್ಕೊಂಡು ಕೂತಿದ್ದಾರೆ ಸರ್, ತೊಂಬತ್ತೊಂದರಲ್ಲಿ ಭದ್ರಾ ಹೊಳೇಲಿ ನೀವೇ ಕೊಟ್ಟಿದ್ದಂತೆ, ಅವರ ತಮ್ಮ ಬೇರೆ ಬಂದಿದ್ದಾನೆ, ಹನ್ನೆರಡರ ಒಳಗೆ ಒಂದು ಮಾತು ಹೇಳಿ, ಇಲ್ದಿದ್ರೆ ನಾವು ನಮ್ಮ ಹೊಲಕ್ಕೆ ಒಯ್ತೀವಿ ಅಂತ, ನೀವು ಬಂದು ಹೌದು ಅಂದ್ರೆ ಮುಗೀತು. ಹೌದು ಅಂದರೆ ಮುಗಿಯಿತು, ಆದರೆ ಹೌದೇ? ಕೊಟ್ಟಿದ್ದರೆ ಬರೆಯದೆ ಬಿಡುತ್ತಿದ್ದೆನೇ, ನಮ್ಮ ಸಭೆಯಲ್ಲಿ ಹೊಳೆಗೆ ಯಾರು ಹೋಗುತ್ತಾರೆ, ದೇವಾಲಯದಲ್ಲಿ ಎಲ್ಲರ ಎದುರು ತಲೆಯ ಮೇಲೆ ಮೂರು ಸಲ ನೀರು, ಅಷ್ಟೇ, ಅದನ್ನೇ ಕಲಿಸಿದವನು ನಾನು, ಕರ್ತನೇ, ನಿನ್ನ ಪುಸ್ತಕದಲ್ಲಿ ಸುಳ್ಳು ಬರೆಯಿಸಬೇಡ, ಸತ್ತವನನ್ನು ಹೊರಗೂ ನಿಲ್ಲಿಸಬೇಡ.

ಯಜಮಾನ್ರೆ, ಒಳಗ್ ಹೋಗಿ, ಬಾಗ್ಲಲ್ಲಿ ನಿಂತು ಪ್ರಾರ್ಥನೆ ಮಾಡ್ಬೇಡಿ ಮಾರಾಯ್ರೆ, ಕಂಡಕ್ಟರ್ ಬೆನ್ನಿಗೆ ಕೈಯಿಟ್ಟು ದೂಡಿದ, ತನ್ನ ತುಟಿ ಅಲ್ಲಾಡುತ್ತಿತ್ತೇನೋ, ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಗಾಜಿನ ಆಚೆ ಊರೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ. ಜರ್ಮನಿಯ ಚಳಿಯಲ್ಲಿ ಐದು ವರ್ಷ ಕೂತು ದೀಕ್ಷಾಸ್ನಾನದ ಮೇಲೆ ನಾನೂರು ಪುಟ ಬರೆದಿದ್ದೇನೆ, ಯಾವ ಶತಮಾನದಲ್ಲಿ ಯಾವ ಪಟ್ಟಣದವರು ಎಷ್ಟು ನೀರಿನಲ್ಲಿ ನಿಲ್ಲಿಸುತ್ತಿದ್ದರು ಅಂತ ಈಗ ಕೇಳಿದರೂ ಹೇಳಿಯೇನು, ತೊಂಬತ್ತೊಂದರ ಬೇಸಿಗೆಯಲ್ಲಿ ನನ್ನ ಎರಡು ಕೈ ಏನು ಮಾಡಿದವು ಅಂದರೆ ಗೊತ್ತಿಲ್ಲ. ಆ ಬೇಸಿಗೆ ಭದ್ರಾವತಿಯಲ್ಲಿದ್ದದ್ದು ನಿಜ, ಕಾಲೇಜಿಗೆ ರಜೆ, ಅಲ್ಲಿಯ ಅಯ್ಯನವರಿಗೆ ಕಾಯಿಲೆ, ಎರಡು ತಿಂಗಳು ಸಭೆ ನೋಡಿಕೊಂಡೆ. ಹೊಳೆ? ಹೊಳೆಯೂ ಇದೆ, ಆದರೆ ಅದು ನೆನಪಲ್ಲ, ಅದು ಪಾಠ. ಪ್ರತಿ ವರ್ಷ ಹೇಳುತ್ತಿದ್ದೆನಲ್ಲ, ಕರಿಹಲಗೆಯ ಮೇಲೆ ಎರಡು ಅಲೆ ಎಳೆದು, ಒಬ್ಬ ಮನುಷ್ಯ ನಿಮ್ಮ ಹತ್ತಿರ ಬಂದ ಅಂತಿಟ್ಟುಕೊಳ್ಳಿ, ನಾಲ್ಕು ಹನಿ ನನಗೆ ಸಾಲದು, ಹೊಳೆಯಲ್ಲಿ ಪೂರ್ತಿ ಮುಳುಗಿಸಿ ಅಂದ, ಸಭೆ ಇಲ್ಲ, ರಿಜಿಸ್ಟರ್ ಇಲ್ಲ, ಆ ದೀಕ್ಷಾಸ್ನಾನ ನಡೆಯಿತೋ ಇಲ್ಲವೋ? ಹುಡುಗರು ಜಗಳಾಡುತ್ತಿದ್ದರು, ನಾನು ಗಡಿಯಾರ ನೋಡಿ ನಗುತ್ತಿದ್ದೆ. ಕೊನೆಯ ಬೆಂಚಿನಿಂದ ಕೆಂಚಪ್ಪನೇ ಅಲ್ಲವೇ ಕೇಳಿದ್ದು, ಆ ಮನುಷ್ಯನ ಹೆಸರೇನು ಸರ್? ಹೆಸರಿಲ್ಲಪ್ಪ, ಅದೊಂದು ಉದಾಹರಣೆ. ಉದಾಹರಣೆ ಮೊದಲೋ ಹೊಳೆ ಮೊದಲೋ, ಹೇಳಿ ಹೇಳಿ ಪಾಠವೇ ನೆನಪಾಗಿ ಕೂತಿತೋ, ನೆನಪೇ ಸವೆದು ಪಾಠವಾಯಿತೋ. ಆ ಮುಖ ಒಂದಿದೆ, ನೀರಿನಲ್ಲಿ ಅಲ್ಲಾಡುವ ಮುಖ, ಮೂಗಿಲ್ಲ ಕಣ್ಣಿಲ್ಲ, ಸುತ್ತ ಬರೀ ಬೆಳಕು. ಹೊಳೆಯ ತಳದಲ್ಲಿ ಮರಳಿರಬೇಕು, ಬೆಳಕು ಎಲ್ಲಿಂದ ಬರಬೇಕು? ದೇವರ ಮಹಿಮೆ ಎಂದು ಅದರ ಮೇಲೂ ಒಂದು ಲೇಖನ ಬರೆದೆನಲ್ಲ, ಎಂಥ ಧೈರ್ಯ ನನ್ನದು.

ಇಳೀರಿ ಇಳೀರಿ, ಭದ್ರಾವತಿ. ಮಂಜು ಹರಿದು ಬಿಸಿಲು ಬಂದಿತ್ತು, ದೇವಾಲಯದ ಅಂಗಳದಲ್ಲಿ ಬೆಂಚಿನ ಮೇಲೆ ಪೆಟ್ಟಿಗೆ, ಒಂದು ಕಡೆ ಕಮಿಟಿಯವರು, ಇನ್ನೊಂದು ಕಡೆ ವಿಭೂತಿ ಹಚ್ಚಿದ ತಮ್ಮ ಮತ್ತು ಒಂದು ಟ್ರ್ಯಾಕ್ಟರು, ನಡುವೆ ಕೆಂಚಪ್ಪ, ಬನ್ನಿ ಸರ್. ಅಯ್ಯನವರು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು, ದಪ್ಪ ಹುಬ್ಬು, ಹತ್ತಿ ತುರುಕಿದ ಮೂಗು, ಗುರುತಿಲ್ಲ, ದೇವರಾಣೆಗೂ ಗುರುತಿಲ್ಲ. ಕೆಂಚಪ್ಪ ಕಿವಿಯ ಹತ್ತಿರ, ಹದಿಮೂರು ವರ್ಷದಿಂದ್ಲೂ ಹಿಂದಿನ ಬೆಂಚೇ ಸರ್ ಇವರದ್ದು, ಒಂದು ಭಾನುವಾರ ತಪ್ಪಿಸಿದ್ದಿಲ್ಲ, ಪ್ರಭು ಭೋಜನದ ರೊಟ್ಟಿಗೆ ಕರೆದ ಕೂಡ್ಲೇ ಎದ್ದು ಹೊರಗೆ ಹೋಗಿ ನಿಲ್ತಿದ್ರು, ದೀಕ್ಷೆ ಆಗಿಲ್ಲ ಅಂತ್ಲೇ ನಾವು ತಿಳ್ಕೊಂಡಿದ್ವಿ. ಹದಿಮೂರು ವರ್ಷ ಹೊರಗೆ, ಯಾಕೆ ಹೊರಗೆ, ಯಾರು ನಿಲ್ಲಿಸಿದರು? ಭೈರಪ್ಪನ ತಮ್ಮ ಮುಂದೆ ಬಂದು, ಸ್ವಾಮಿ, ಬಿಸಿಲೇರ್ತಿದೆ, ಹೌದು ಅಂದ್ರೂ ಸರಿ ಇಲ್ಲ ಅಂದ್ರೂ ಸರಿ, ಹೆಣ ಕಾಯ್ಸಬೇಡಿ. ಅಯ್ಯನವರು ಪೆಟ್ಟಿಗೆಯ ತಲೆಯ ಬಳಿ ಕೂತಿದ್ದ ಹೆಂಗಸಿನ ಮುಂದೆ ಮಂಡಿಯೂರಿದರು, ಸಾವಿತ್ರಮ್ಮ, ನನಗೆ ನೆನಪಿಲ್ಲಮ್ಮ, ಇವರನ್ನು ಮುಳುಗಿಸಿದ್ದು ನೆನಪಿಲ್ಲ.

ಆಕೆ ಅತ್ತ ಕಣ್ಣಲ್ಲೇ ನಕ್ಕಳು. ನೀವೆಲ್ಲಿ ಮುಳುಗ್ಸಿದ್ರಿ ಅಯ್ನೋರೆ, ಮೊದ್ಲು ಮುಳುಗಿದ್ದು ನೀವು! ಪಾಚಿ ಕಲ್ಲಿನ ಮೇಲೆ ಕಾಲಿಟ್ರಿ, ಬುಡುಂಗ್ ಅಂತ ಹೋದ್ರಿ, ಬಿಳೀ ನಿಲುವಂಗಿ ಮೇಲ್ ಬಂತು, ನೀವು ಬರ್ಲೇ ಇಲ್ಲ, ನಾನು ದಡದಲ್ಲಿ ಬಾಯ್ ಬಾಯ್ ಬಡ್ಕೊಂಡೆ, ಇವ್ರೇ ಬಗ್ಗಿ ಎಳ್ದು ಹಾಕಿದ್ದು. ಆಮೇಲೆ ಗಡಗಡ ನಡುಗ್ತಾನೇ ಇವ್ರನ್ನ ಮೂರು ಸಲ ಅದ್ದಿ ಎತ್ತಿದ್ರಿ. ಬಟ್ಟೆ ಹಿಂಡ್ಕೊಳ್ತಾ ಏನಂದ್ರಿ, ಭೈರಪ್ಪ, ಇದನ್ನ ಯಾರಿಗೂ ಹೇಳ್ಬೇಡ, ಮುಂದಿನ ವಾರ ಪುಸ್ತಕ್ದಲ್ಲಿ ಬರೀತೀನಿ ಅಂದ್ರಿ. ನೀವು ಊರು ಬಿಟ್ರಿ. ಇವ್ರು ಹೇಳ್ಲಿಲ್ಲ. ನನ್ಗೆ ನಿಮ್ಮ ದೇವ್ರ ವಿಷ್ಯ ತಿಳಿಯಲ್ಲ, ಇವ್ರ ಹಟ ತಿಳೀತದೆ, ಅಯ್ನೋರು ಬರೀಲಿ, ಆಮೇಲೆ ಒಳಗೆ ಕೂತು ಆ ರೊಟ್ಟಿ ತಿಂತೀನಿ ಅಂತಿದ್ರು.

ಅಯ್ಯನವರಿಗೆ ಕಿವಿಯೊಳಗೆ ನೀರು ನುಗ್ಗಿದ ಸದ್ದು, ಇದು ನೆನಪೋ, ಈಕೆ ಹೇಳಿದ್ದಕ್ಕೆ ಈಗ ಹುಟ್ಟಿದ್ದೋ, ಆದರೆ ಬೆಳಕು, ಆ ಬೆಳಕು, ತಳದಲ್ಲಿ ಇದ್ದದ್ದು ಆ ಮುಖವಲ್ಲ, ನಾನು, ನಾನು ಕೆಳಗಿದ್ದೆ, ಮುಖ ಮೇಲಿತ್ತು, ಅದರ ಹಿಂದೆ ಆಕಾಶವಿತ್ತು, ಬರೀ ಆಕಾಶ. ಮುಳುಗಿದ ಗುರುವನ್ನು ಅಳಿಸಿ, ಎತ್ತಿದವನ ಹೆಸರನ್ನೂ ಅಳಿಸಿ, ಉಳಿದದ್ದನ್ನು ಕರಿಹಲಗೆಗೆ ಹಾಕಿ ಸಂಬಳ ತೆಗೆದುಕೊಂಡೆನೇ ಕರ್ತನೇ. ಕೆಂಚಪ್ಪ, ರಿಜಿಸ್ಟರ್ ತಾ. ಸರ್, ಅಂದ್ರೆ ಕ್ಲಾಸಲ್ಲಿ ನೀವು ಹೇಳ್ತಿದ್ದ ಆ — ರಿಜಿಸ್ಟರ್ ತಾರಪ್ಪ. ತೊಂಬತ್ತೊಂದರ ಪುಟದಲ್ಲಿ ಸಾಲು ಉಳಿದಿಲ್ಲ, ಅಂಚಿನಲ್ಲೇ ಬರೆದರು, ಭೈರಪ್ಪ, ಭದ್ರಾ ಹೊಳೆ, ಕೊಟ್ಟವರು, ಅಲ್ಲಿ ತನ್ನದೇ ಹೆಸರು, ದಿನಾಂಕದ ಜಾಗ ಖಾಲಿ. ಕಮಿಟಿಯವರು ದಾರಿ ಬಿಟ್ಟರು, ಭೈರಪ್ಪನ ತಮ್ಮ ಟ್ರ್ಯಾಕ್ಟರಿನಿಂದ ಪಿಕಾಸಿ ಇಳಿಸಿಕೊಂಡು, ಎಲ್ಲಿ ಅಗೀಬೇಕು ತೋರ್ಸಿ ಅಂದ. ಪುಸ್ತಕವನ್ನು ಸಾವಿತ್ರಮ್ಮನ ಮಡಿಲಿಗೆ ಇಟ್ಟರು, ಆಕೆಗೆ ಓದು ಬಾರದು, ಯಾವ್ದು ಇವ್ರ ಹೆಸ್ರು ಅಂದಳು, ಅಯ್ಯನವರು ಆಕೆಯ ಬೆರಳು ಹಿಡಿದು ಹಸಿ ಶಾಯಿಯ ಪಕ್ಕದಲ್ಲಿ ಇಟ್ಟರು, ಇದು, ಇದೇ ಅನ್ನುವಷ್ಟರಲ್ಲಿ ಮೇಲೆ ಬೆಳಕು, ಬೆಳಕಿನಲ್ಲಿ ಅಲ್ಲಾಡುವ ಮುಖ, ಅಲ್ಲಿಂದ ನೀರು ಸೀಳಿಕೊಂಡು ತನ್ನ ಕಡೆಗೇ ಇಳಿಯುತ್ತಿರುವ ಒಂದು ಕೈ, ಒಂದು ಕೈ —