ವಾರಕ್ಕೊಮ್ಮೆ ನೋವು

ಕೇಳಿದ್ದನ್ನೇ ಕೇಳುವವರನ್ನು ಕಂಡರೆ ಮನೆಮಂದಿ ತಲೆ ಚಚ್ಚಿಕೊಳ್ಳುತ್ತಾರೆ. ದೊಡ್ಡ ಆಸ್ಪತ್ರೆಯವರು ಅದಕ್ಕೆ ಸಂಬಳ ಕೊಟ್ಟು ಸಂಶೋಧನೆ ಎನ್ನುತ್ತಾರೆ. ಫೋನಕ್ಕನ ಕೆಲಸ ಅದೇ ಆಗಿತ್ತು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಈಗ ಅದನ್ನು ಹಿಡಿದು ಕರೆಯುತ್ತಿದ್ದವಳು ಬೇರೆ ಊರಿನಲ್ಲಿದ್ದ ತಂಗಿ ಒಬ್ಬಳೇ. ಅವಳೂ ಭಾನುವಾರ ಫೋನ್ ಮಾಡಿ, ಒಗ್ಗರಣೆ ಚಟಪಟ ಎನ್ನುವುದರ ನಡುವೆ "ಅಕ್ಕಾ, ಹುಷಾರಾಗಿದ್ದೀಯಲ್ಲ? ಆಯ್ತು, ಇಡ್ತೀನಿ" ಎಂದು ಇಟ್ಟುಬಿಡುತ್ತಿದ್ದಳು.

ಫೋನಕ್ಕ ಮೊದಲು ಇದೇ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಮಂಡಿ ಕೈಕೊಟ್ಟ ಮೇಲೆ ಅವಳನ್ನು ಫೋನ್ ಕೋಣೆಗೆ ಹಾಕಿದರು. ಕೋಣೆ ಎಂದರೆ ಹಿಂದೆ ಒಗೆದ ಬೆಡ್‌ಶೀಟ್ ಇಡುತ್ತಿದ್ದ ಉಗ್ರಾಣ. ಇಂದಿಗೂ ಅಲ್ಲಿ ಸೋಪಿನ ವಾಸನೆ. ಒಂದು ಮೇಜು, ಒಂದು ಕಂಪ್ಯೂಟರ್, ಕಿವಿಗೆ ಹಾಕಿಕೊಳ್ಳುವ ಫೋನು, ಕಿಟಕಿಯಾಚೆ ಎದುರುಗೋಡೆಯ ನೀರಿನ ಕೊಳವೆ. ವಾರ್ಡಿನಲ್ಲಿದ್ದಾಗ ಇಡೀ ದಿನ "ಸಿಸ್ಟರ್, ಸಿಸ್ಟರ್" ಎಂದು ಪ್ರಾಣ ತಿನ್ನುತ್ತಿದ್ದವರನ್ನು ಎಷ್ಟು ಬೈದುಕೊಂಡಿದ್ದಳೋ. ಈಗ ಯಾರಾದರೂ ಬಾಗಿಲು ತಪ್ಪಿ ಒಳಗೆ ಬಂದರೂ ಸಾಕು, ಕೂತುಕೊಳ್ಳಿ ಎನ್ನುವ ಹಾಗಾಗಿತ್ತು.

ಸಂಶೋಧನೆಯ ವಿಷಯ ಹೀಗಿತ್ತು. ಸಕ್ಕರೆ ಕಾಯಿಲೆ ಇದ್ದವರಿಗೆ ಕರುಳಿನ ಕ್ಯಾನ್ಸರಿಗೆಂದು ಆಪರೇಷನ್ ಆದಾಗ, ಸಕ್ಕರೆಯನ್ನು ತುಂಬ ಬಿಗಿಯಾಗಿ ಹಿಡಿತದಲ್ಲಿಟ್ಟರೆ ಗಾಯ ಚೆನ್ನಾಗಿ ಮಾಯುತ್ತದೆಯೇ, ಇಲ್ಲ ಎಂದಿನಂತೆ ನೋಡಿಕೊಂಡರೂ ಸಾಕೇ? ಅರ್ಧ ಮಂದಿಗೆ ಹಾಗೆ, ಇನ್ನರ್ಧ ಮಂದಿಗೆ ಹೀಗೆ. ಯಾರಿಗೆ ಯಾವುದು ಎಂಬುದು ಫೋನಕ್ಕನಿಗೆ ಗೊತ್ತಾಗಕೂಡದು. ಗೊತ್ತಾದರೆ ದನಿಯಲ್ಲಿ ಬಂದುಬಿಡುತ್ತದೆ, ದನಿ ಕೇಳಿ ರೋಗಿಯ ಉತ್ತರವೂ ವಾಲುತ್ತದೆ.

"ನೀವು ಗೋಡೆ ಥರ ಇರ್ಬೇಕು," ಎಂದಿದ್ದರು ಸಂಶೋಧನೆ ನಡೆಸುತ್ತಿದ್ದ ಸರ್ಜನ್ ಡಾಕ್ಟರಮ್ಮ. "ಗೋಡೆ ಪ್ರಶ್ನೆ ಕೇಳುತ್ತೆ, ಉತ್ತರ ಬರ್ಕೊಳ್ಳುತ್ತೆ. ಅಷ್ಟೇ."

ಗೋಡೆಯಾಗಿರುವುದು ಅಂಥ ಕಷ್ಟವೇನೂ ಆಗಲಿಲ್ಲ, ಮನೆಯಲ್ಲಿ ನಾಲ್ಕು ಗೋಡೆಗಳ ಜೊತೆ ಅಭ್ಯಾಸವಾಗಿತ್ತು. ಹೊಟ್ಟೆಯಲ್ಲಿ ನೋವಿದೆಯೇ, ಗಾಯದಿಂದ ನೀರು ಬರುತ್ತಿದೆಯೇ, ನಿದ್ದೆ ಬರುತ್ತದೆಯೇ ಎಂದು ಶುರುವಾಗಿ, ಕೊನೆಯ ಪ್ರಶ್ನೆಗೆ ಬಂದು ನಿಲ್ಲುತ್ತಿತ್ತು: ಕಳೆದ ವಾರ ನಿಮಗೆ ಒಂಟಿ ಅನ್ನಿಸಿತ್ತೇ? ಪ್ರತಿಯೊಂದಕ್ಕೂ ಇದ್ದ ಉತ್ತರ ನಾಲ್ಕೇ. ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ. ಗಾಯದ ಕೀವಿನ ಬಗ್ಗೆ ಸಂಕೋಚವಿಲ್ಲದೆ ಹೇಳುವವರೂ ಕೊನೆಯ ಪ್ರಶ್ನೆ ಬಂದೊಡನೆ "ಇಲ್ಲವೇ ಇಲ್ಲ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಗುರುತಿಲ್ಲದ ಹೆಂಗಸಿಗೆ ಫೋನಿನಲ್ಲಿ ಅದನ್ನೆಲ್ಲ ಯಾರು ಹೇಳುತ್ತಾರೆ? ಫೋನಕ್ಕನನ್ನೇ ಯಾರಾದರೂ ಕೇಳಿದ್ದರೂ ಅವಳು ಅದನ್ನೇ ಹೇಳುತ್ತಿದ್ದಳು.

ಹೀಗಿರುವಾಗ ಲಿಫ್ಟಿನ ಯಜಮಾನರು ಬಂದರು. ಬಂದರು ಎಂದರೆ ಕಿವಿಯೊಳಗೆ ಬಂದರು. ಒಂದು ಹಳೆಯ ಕಚೇರಿ ಕಟ್ಟಡದಲ್ಲಿ ಬಾಗಿಲು ಎಳೆಯುವ ಕಾಲದಿಂದ ಲಿಫ್ಟ್ ನಡೆಸಿ ನಿವೃತ್ತರಾಗಿದ್ದವರು. ಹೆಂಡತಿ ತೀರಿಹೋಗಿ ಬಹಳ ದಿನವಾಗಿತ್ತು, ಮಕ್ಕಳಿರಲಿಲ್ಲ. ಕರುಳಿನ ಗೆಡ್ಡೆ ತೆಗೆಸಿಕೊಂಡು ಮನೆಗೆ ಹೋಗಿದ್ದರು. ಮೊದಲ ಫೋನಿನಲ್ಲೇ, "ಹೇಗಿದ್ದೀರಿ ಸರ್?" ಎಂದು ಕೇಳಿದ್ದಕ್ಕೆ, "ಜೀವಮಾನ ಪೂರ್ತಿ ಮೇಲೆ ಹೋದೆ, ಕೆಳಗೆ ಬಂದೆ. ಪ್ರಮೋಷನ್ ಮಾತ್ರ ಆಗ್ಲಿಲ್ಲ ನೋಡಿ ತಾಯಿ," ಎಂದರು. ಗೋಡೆಗೆ ನಗು ಬಂತು. ಅದು ಎಷ್ಟು ದಿನಗಳ ಮೇಲೆ ಬಂದ ನಗುವೆಂದರೆ, ಅವಳ ಕಿವಿಗೇ ಅದು ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸಿತು.

ಮೊದಲ ತಿಂಗಳು ವಾರಕ್ಕೊಮ್ಮೆ, ಮಂಗಳವಾರ, ಫೋನ್. ಅಷ್ಟರಲ್ಲಿ ಗಾಯ ಚೆನ್ನಾಗಿ ಮಾಯಿತು. ಆ ತಿಂಗಳ ಕೊನೆಯ ಫೋನಿನಲ್ಲಿ ಎಲ್ಲ ಪ್ರಶ್ನೆಗೂ ಇಲ್ಲವೇ ಇಲ್ಲ ಎಂಬ ಉತ್ತರ ಬಂತು.

"ಸಂತೋಷ ಯಜಮಾನ್ರೇ. ಇನ್ನು ಮೂರು ತಿಂಗಳು ಬಿಟ್ಟು ಮಾಡ್ತೀನಿ," ಎಂದಳು ಫೋನಕ್ಕ.

"ಮೂರು ತಿಂಗಳಾ?" ಎಂದರು ಅವರು. ಆಮೇಲೆ, ಲಿಫ್ಟಿನ ಬಾಗಿಲು ಮುಚ್ಚುವ ಮುಂಚೆ ಕೈ ಅಡ್ಡ ಇಟ್ಟವರಂತೆ, "ಎಲ್ಲರಿಗೂ ಹಾಗೇನಾ?" ಎಂದು ಕೇಳಿದರು.

ಇಲ್ಲಿ ಗೋಡೆ ಬಾಯಿ ಬಿಡಬಾರದಿತ್ತು. ಯಾವ ಉತ್ತರಕ್ಕೆ ಎಷ್ಟು ದಿನಕ್ಕೆ ಫೋನ್ ಎಂಬ ಲೆಕ್ಕಾಚಾರವನ್ನು ರೋಗಿಗಳಿಗೆ ಹೇಳಲೇಕೂಡದು ಎಂಬುದು ಮೊದಲ ದಿನದ ಪಾಠ. ಫೋನಕ್ಕನಿಗೆ ಅದು ಕಂಠಪಾಠ ಇತ್ತು. ಆದರೂ ಬಾಯಿ ಜಾರಿತು. "ಇಲ್ಲ, ನೋವಿದೆ ಅಂದವರಿಗೆ ವಾರವಾರ ಮಾಡ್ತೀವಿ" ಎಂದುಬಿಟ್ಟಳು. ಮರುಕ್ಷಣ ನಾಲಗೆ ಕಚ್ಚಿಕೊಂಡಳು.

"ಓಹೋ," ಎಂದರು ಯಜಮಾನರು. "ಇರಿ ತಾಯಿ. ಎಡಗಡೆ ಒಂಚೂರು ಚುಚ್ಚುತ್ತೆ. ಒಂಚೂರು ಏನು ಬಂತು, ಸಾಕಷ್ಟೇ ಚುಚ್ಚುತ್ತೆ. ಹೇಳೋದು ಮರ್ತಿದ್ದೆ."

ಹೊಟ್ಟೆನೋವನ್ನು ಮರೆಯುವವರು ಪ್ರಪಂಚದಲ್ಲಿ ಯಾರಿದ್ದಾರೆ? ಫೋನಕ್ಕ ಕಣ್ಣು ಮುಚ್ಚಿ ಹಾಲು ಕುಡಿದಳು. ಉತ್ತರವನ್ನು "ಸಾಕಷ್ಟು" ಎಂದು ಬದಲಿಸಿದಳು. ಬೇಜಾರಾಗಬೇಕಿತ್ತು, ಖುಷಿಯಾಯಿತು. ಆ ಸಂಜೆ ಮನೆಗೆ ಹೋಗುವಾಗ ದಾರಿಯಲ್ಲಿ ಎರಡು ಕಿತ್ತಳೆ ಹಣ್ಣು ಕೊಂಡಳು. ತನ್ನೊಬ್ಬಳಿಗೆಂದು ಹಣ್ಣು ಕೊಳ್ಳುವುದನ್ನು ಅವಳು ಬಿಟ್ಟೇಬಿಟ್ಟಿದ್ದಳು.

ಅಲ್ಲಿಂದ ಮಂಗಳವಾರಕ್ಕೊಂದು ಬಣ್ಣ ಬಂತು. ಅವರ ಫೋನನ್ನು ದಿನದ ಕೊನೆಗೆ ಇಟ್ಟುಕೊಳ್ಳುತ್ತಿದ್ದಳು, ಹಿಂದೆ ಯಾರೂ ಕಾಯಬಾರದು ಎಂದು. ಎಡಗಡೆಯ ನೋವು ಒಂದು ವಾರ ಬಲಕ್ಕೆ ಹೋಗುತ್ತಿತ್ತು, ಇನ್ನೊಂದು ವಾರ ಹೊಕ್ಕುಳ ಹತ್ತಿರ ಸುತ್ತಾಡುತ್ತಿತ್ತು. ಅದರ ವಿಚಾರ ಮುಗಿಸಿ ಅವರು ಲಿಫ್ಟಿನ ಕಥೆಗಳಿಗೆ ಇಳಿಯುತ್ತಿದ್ದರು. "ಜನ ಎರಡು ಮಹಡಿ ನಡುವೆ ಹೇಳೋ ಮಾತಿದೆಯಲ್ಲ ತಾಯಿ, ಹೆಂಡ್ತಿ ಹತ್ರಾನೂ ಹೇಳಿರಲ್ಲ. ಬಾಗಿಲು ತೆಗೆದ ತಕ್ಷಣ ನನ್ನ ಗುರುತೇ ಇಲ್ಲದವರ ಥರ ಹೋಗಿಬಿಡೋರು." ಕೊನೆಯ ಪ್ರಶ್ನೆಗೆ ಮಾತ್ರ ಅವರದೂ ಎಲ್ಲರದೇ ಉತ್ತರ. "ಒಂಟೀನಾ? ಇಲ್ಲವೇ ಇಲ್ಲ. ಬರ್ಕೊಳ್ಳಿ." ಫೋನಕ್ಕ ಬರೆದುಕೊಳ್ಳುತ್ತಿದ್ದಳು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತಲಿಲ್ಲ.

ಆದರೆ ಗೋಡೆ ಬರೆದುಕೊಂಡದ್ದನ್ನು ಓದುವವರು ಇದ್ದರು. ವಾರಗಟ್ಟಲೆ ಹೋಗದ ನೋವು ಎಂದು ಯಜಮಾನರನ್ನು ಆಸ್ಪತ್ರೆಗೆ ಕರೆಸಿ ಸ್ಕ್ಯಾನ್ ಮಾಡಿಸಿದರು. ಒಂದು ಮಧ್ಯಾಹ್ನ ಡಾಕ್ಟರಮ್ಮ ಫೋನ್ ಕೋಣೆಯ ಬಾಗಿಲಲ್ಲಿ ನಿಂತರು.

"ಆ ಲಿಫ್ಟಿನವರಿಗೆ ನೋವು ಇನ್ನೂ ಇದೆ ಅಲ್ವಾ? ಸ್ಕ್ಯಾನಲ್ಲಿ ಹೊಲಿಗೆ ಹತ್ರ ಏನೋ ದಪ್ಪ ಕಾಣುತ್ತೆ. ಬರೀ ಗಾಯದ ಗುರುತೂ ಇರಬಹುದು. ನೋವಿಲ್ಲದಿದ್ರೆ ಕೆಲವು ತಿಂಗಳು ಕಾದು ಇನ್ನೊಂದು ಸ್ಕ್ಯಾನ್ ಮಾಡ್ಬಹುದಿತ್ತು. ಇಷ್ಟು ನೋವಿದೆ ಅಂದ್ಮೇಲೆ ಸುಮ್ನಿರಕ್ಕಾಗಲ್ಲ. ಸೋಮವಾರ ಒಳಗೆ ಹೋಗಿ ನೋಡ್ತೀವಿ. ಹಾರ್ಟ್ ಅಷ್ಟು ಚೆನ್ನಾಗಿಲ್ಲ, ಸಕ್ಕರೆ ಬೇರೆ. ಅರಿವಳಿಕೆ ಕೊಡೋ ಡಾಕ್ಟರು ಈಗಲೇ ಗೊಣಗ್ತಿದ್ದಾರೆ."

ಡಾಕ್ಟರಮ್ಮ ಅತ್ತ ಹೋಗುತ್ತಲೇ ಫೋನಕ್ಕ ಯಜಮಾನರಿಗೆ ಫೋನ್ ಹಚ್ಚಿದಳು. ಮಂಗಳವಾರ ಆಗಿರಲಿಲ್ಲ, ಆದರೂ ಮೊದಲ ಗಂಟೆಗೇ ಎತ್ತಿದರು.

"ಯಜಮಾನ್ರೇ, ನಿಮಗೆ ನೋವಿಲ್ಲ ಅಂತ ಡಾಕ್ಟರಿಗೆ ಹೇಳಿ."

"ಏನ್ ತಾಯಿ, ಇವತ್ತು ಪ್ರಶ್ನೆ ಬದಲು ಉತ್ತರಾನೇ ಕೊಡ್ತಿದ್ದೀರಿ?"

"ತಮಾಷೆ ಬೇಡ. ಹೊಟ್ಟೆ ಕೊಯ್ದು ನೋಡ್ತಾರೆ. ಪ್ರಾಣಕ್ಕೆ ಸಂಚಕಾರ ತಂದ್ಕೋತೀರಿ."

ಯಜಮಾನರು ಗಂಟಲು ಸರಿಮಾಡಿಕೊಂಡರು. "ಈಗ ಇಲ್ಲ ಅಂದ್ರೆ, ಇಷ್ಟು ದಿನ ಯಾಕೆ ಇದೆ ಅಂದೆ ಅಂತ ಕೇಳ್ತಾರೆ. ಆಗ ನಿಮ್ಮ ಮಾತೂ ಹೊರಗೆ ಬರುತ್ತೆ. ನಿಮ್ಮನ್ನ ಕೆಲಸದಿಂದ ತೆಗೆದ್ರೆ? ಬೇಡ ಬಿಡಿ." ಆಮೇಲೆ ಮೆಲ್ಲಗೆ, "ಕೊಯ್ದರೆ ಕೊಯ್ಲಿ ತಾಯಿ. ಆಸ್ಪತ್ರೇಲಾದ್ರೆ ನಾಲ್ಕು ದಿನ ಜನ ಇರ್ತಾರೆ," ಎಂದರು.

ಫೋನಕ್ಕನಿಗೆ ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತೋ ಅವಳಿಗೇ ಗೊತ್ತಾಗಲಿಲ್ಲ. ಬರಿ ದನಿಯೊಂದಕ್ಕಾಗಿ ಒಬ್ಬ ಮನುಷ್ಯ ಮತ್ತೆ ಚಾಕುವಿನ ಕೆಳಗೆ ಮಲಗಲು ತಯಾರಾಗಿದ್ದ. ಆ ದಾರಿಯನ್ನು ತೋರಿಸಿಕೊಟ್ಟವಳು ತಾನು. ಬಾಯಿ ಜಾರಿತು ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳಲ್ಲ, ಅದೂ ಸುಳ್ಳು. ಜಾರಿದ ಬಾಯಿಗೆ ಮಂಗಳವಾರ ಬೇಕಾಗಿತ್ತು.

ಫೋನ್ ಇಟ್ಟು, ಮಂಡಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಡಾಕ್ಟರಮ್ಮನ ಕೋಣೆಗೆ ಹೋದಳು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು, ಕಿತ್ತಳೆ ಹಣ್ಣನ್ನು ಬಿಟ್ಟು.

ಡಾಕ್ಟರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡರು.

"ಸೋಮವಾರ ಅವರಿಗೇನಾದ್ರೂ ಆಗಿದ್ದಿದ್ರೆ?" ಎಂದರು.

"ಗೊತ್ತು ಮೇಡಂ."

"ನಿಮ್ಮ ಫೋನ್ ನಂಬಿಕೊಂಡು ನಾನು ಚಾಕು ಎತ್ತೋದು. ಗೊತ್ತಾ ಅದು?"

"ಗೊತ್ತು."

ಮುಂದಿನದು ಬೇಗ ಬೇಗ ನಡೆಯಿತು. ಯಜಮಾನರನ್ನು ಕರೆಸಿ ಹೊಟ್ಟೆ ಒತ್ತಿ ನೋಡಿದರು. "ನೋವಿಲ್ಲ ಡಾಕ್ಟ್ರೇ, ಸುಮ್ನೆ ಹೇಳಿದ್ದೆ" ಎಂದು ಅವರು ತಲೆ ತಗ್ಗಿಸಿ ಒಪ್ಪಿಕೊಂಡರಂತೆ. ಆಪರೇಷನ್ ನಿಂತಿತು. ಕಾದು ಮಾಡಿದ ಸ್ಕ್ಯಾನಿನಲ್ಲಿ ಆ ದಪ್ಪ ಬರೀ ಗಾಯದ ಗುರುತು ಎಂದು ಗೊತ್ತಾಯಿತು. ಕ್ಯಾನ್ಸರ್ ಮತ್ತೆ ಬಂದಿರಲಿಲ್ಲ. ಅವರ ಮಂಗಳವಾರದ ನೋವುಗಳನ್ನೆಲ್ಲ ನಂಬಲಾಗದವು ಎಂದು ಲೆಕ್ಕದಿಂದ ಹೊರಗಿಟ್ಟರು. ಫೋನಕ್ಕನ ಕೆಲಸ ಹೋಗಲಿಲ್ಲ, ಫೋನು ಹೋಯಿತು. ಅವಳನ್ನು ನೆಲಮಾಳಿಗೆಯಲ್ಲಿ ರಕ್ತದ ಟ್ಯೂಬುಗಳಿಗೆ ಚೀಟಿ ಅಂಟಿಸುವ ಕೋಣೆಗೆ ಹಾಕಿದರು. ಸಂಶೋಧನೆ ಮುಗಿಯುವವರೆಗೆ ಯಾವ ರೋಗಿಯ ಜೊತೆಗೂ ಮಾತಾಡಕೂಡದು, ಅವರ ಜೊತೆಗಂತೂ ಕೂಡದೇ ಕೂಡದು, ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು. ಮುಗಿಯಲು ಇನ್ನೂ ವರ್ಷಗಳಿದ್ದವು. ಫೋನಕ್ಕ ಒಪ್ಪಿದಳು. ನ್ಯಾಯವಾಗಿದ್ದದ್ದಕ್ಕೆ ಇಲ್ಲ ಎನ್ನುವ ಹೆಂಗಸು ಅವಳಲ್ಲ.

ಟ್ಯೂಬುಗಳು ಮಾತಾಡುವುದಿಲ್ಲ. ಮೇಲಿನ ಸಂಖ್ಯೆ ನೋಡು, ಚೀಟಿ ಅಂಟಿಸು, ಡಬ್ಬಿಗಿಡು. ಫೋನಕ್ಕ ಎಂಬ ಅಡ್ಡಹೆಸರು ಮಾತ್ರ ಹಾಗೇ ಉಳಿಯಿತು, ಅದನ್ನು ಕರೆಯಲು ಈಗ ಅಷ್ಟಾಗಿ ಯಾರೂ ಕೆಳಗಿಳಿದು ಬರುತ್ತಿರಲಿಲ್ಲ. ಮಂಗಳವಾರ ಸಂಜೆ ಬಂದರೆ ಕೈ ತಾನಾಗಿ ಕಿವಿಯ ಹತ್ತಿರ ಹೋಗುತ್ತಿತ್ತು. ತಲೆಗೂದಲು ಸರಿಮಾಡಿಕೊಂಡು ಕೈ ಇಳಿಸುತ್ತಿದ್ದಳು. ಅವರು ಬೈದುಕೊಳ್ಳುತ್ತಿದ್ದಾರೋ, ಮರೆತರೋ, ಬಾಗಿಲು ತೆಗೆದ ತಕ್ಷಣ ಗುರುತೇ ಇಲ್ಲದ ಹಾಗೆ ಹೊರಟುಹೋದವಳು ಎಂದುಕೊಂಡರೋ, ತಿಳಿಯುವ ದಾರಿಯೇ ಇರಲಿಲ್ಲ.

ಫೋನ್ ಕೋಣೆಗೆ ಬಂದಿದ್ದವಳು ಹೊಸ ಹುಡುಗಿ, ಚುರುಕು, ಮಾತು ಪಟಪಟ. ಊಟಕ್ಕೆ ಜೊತೆಯಿಲ್ಲ ಎಂದು ಒಂದು ದಿನ ಡಬ್ಬಿ ಹಿಡಿದು ಕೆಳಗಿಳಿದು ಬಂದಳು. ಹಿಂದೆ ಏನು ನಡೆದಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ.

"ಅಕ್ಕಾ, ಇವತ್ತು ಒಬ್ರು ವಿಚಿತ್ರ ಮನುಷ್ಯ ಸಿಕ್ಕಿದ್ರು," ಎಂದಳು. "ಲಿಫ್ಟ್ ನಡೆಸ್ತಿದ್ರಂತೆ."

ಫೋನಕ್ಕನ ಕೈಯಲ್ಲಿದ್ದ ಚೀಟಿ ಬೆರಳಿಗೇ ಅಂಟಿಕೊಂಡಿತು. "ನೋವಿದೆ ಅಂದ್ರಾ?"

"ಅಯ್ಯೋ, ಏನೂ ಇಲ್ಲ. ನೋವಿದೆಯಾ, ಇಲ್ಲವೇ ಇಲ್ಲ. ನಿದ್ದೆ ತೊಂದರೆ, ಇಲ್ಲವೇ ಇಲ್ಲ. ಎಲ್ಲದಕ್ಕೂ ಅದೇ. ಬೇಗ ಮುಗೀತು ಅಂತ ಖುಷಿಯಾದೆ. ಕೊನೇ ಪ್ರಶ್ನೆ ಇದೆಯಲ್ಲ, ಒಂಟಿ ಅನ್ನಿಸಿತ್ತಾ ಅಂತ? ಅದಕ್ಕೆ 'ತುಂಬಾ' ಅಂದ್ರು. ಯಾರೂ ಹಾಗನ್ನಲ್ವಲ್ಲ. ಸರಿಯಾಗಿ ಕೇಳಿಸ್ಲಿಲ್ವೇನೋ ಅಂತ ಇನ್ನೊಂದ್ಸಲ ಕೇಳಿದೆ. 'ಕೇಳಿಸ್ತು ಮಗಳೇ. ತುಂಬಾ ಅಂತಾನೇ ಬರ್ಕೋ. ಇನ್ಮೇಲೆ ಸುಳ್ಳು ಹೇಳಲ್ಲ ಅಂದ್ಕೊಂಡಿದ್ದೀನಿ' ಅಂದ್ರು."

"ನೀನೇನಂದೆ?"

"ಏನನ್ಲಿ? ಬರ್ಕೊಂಡೆ. ಅದೇ ಕೊನೇ ಪ್ರಶ್ನೆ ಅಲ್ವಾ, ಮುಂದೆ ಕೇಳಕ್ಕೇನೂ ಇಲ್ಲ. ಥ್ಯಾಂಕ್ಸ್ ಹೇಳಿ ಇಟ್ಟೆ."

ಫೋನಕ್ಕ ಬೆರಳಿನ ಚೀಟಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ಮತ್ತೆ ಯಾವಾಗ ಮಾಡ್ತೀಯ ಅವರಿಗೆ?"

"ನೋವಿಲ್ವಲ್ಲ ಅಕ್ಕಾ," ಎಂದಳು ಹುಡುಗಿ, ಡಬ್ಬಿಯ ಮುಚ್ಚಳ ತೆಗೆಯುತ್ತ. "ಇನ್ನು ಮೂರು ತಿಂಗಳಿಗೆ."